ಚಿತ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸ್ಕೊಳ್ಳೋಕೆ ಗ್ಯಾಲರಿ ಯಾಕ್ರೀ ಬೇಕು?

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಮೈಸೂರಲ್ಲಿ ನಾವು ಆರು ಜನ ಪೇಂಟರ್ಸ್ ಸೇರ್ಕೊಂಡು ಒಂದು ಗ್ರೂಪ್ ಶೋ ಮಾಡ್ತಿದ್ದೀವಿ. ಎಲ್ಲಾ ಹೊಸ ಕೆಲಸ, ಒಂದೂವರೆ ವರ್ಷ ಕೂತು ಮಾಡಿದ್ದು. ಹಾಲ್ ಬಾಡಿಗೆ, ಫ್ರೇಮು, ಕಾರ್ಡು, ಟೆಂಪೋ ಎಲ್ಲಾ ನಮ್ಮ ಜೇಬಿಂದಾನೇ ಹೋಗಿದ್ದು, ಒಬ್ರಂತೂ ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದೋರು, ಪೆನ್ಷನ್ ದುಡ್ಡು ಹಾಕಿದಾರೆ.

ಕಾರ್ಡಲ್ಲಿ ಉದ್ಘಾಟನೆ ಹತ್ತೂವರೆಗೆ ಅಂತಿತ್ತು, ಅತಿಥಿಗಳು ಬಂದಿದ್ದು ಹನ್ನೆರಡೂ ಮುಕ್ಕಾಲಿಗೆ. ಅಲ್ಲೀವರೆಗೂ ಬಾಗಿಲಿಗೆ ಟೇಪು. ಕತ್ತರಿಸೋ ತನಕ ಯಾರನ್ನೂ ಒಳಗೆ ಬಿಡಲ್ಲ ಅಂತ ಹಾಲ್‌ನೋರು ಹಠ ಹಿಡಿದ್ರು. ನಿಜವಾಗ್ಲೂ ಚಿತ್ರ ನೋಡೋಕೆ ಅಂತಾನೇ ಬಂದಿದ್ದ ವಯಸ್ಸಾದ ಗಂಡ ಹೆಂಡ್ತಿ ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದು, ಆಮೇಲೆ ಆ ಯಮ್ಮನಿಗೆ ಮಂಡಿ ನೋವು ಅಂತ ಆಟೋ ಹತ್ಕೊಂಡು ಹೋಗ್ಬಿಟ್ರು. ಅವ್ರಿಗೆ ಸಾರಿ ಹೇಳೋಕೂ ಆಗ್ಲಿಲ್ಲ ನಂಗೆ.

ಆಮೇಲೆ ಶುರುವಾಯ್ತು ನೋಡಿ, ದೀಪ, ಶಾಲು, ಪೇಟ, ಏಲಕ್ಕಿ ಹಾರ, ಅರವತ್ನಾಲ್ಕು ವಿದ್ಯೆ ಅಂತ ಮುಕ್ಕಾಲು ಗಂಟೆ ಭಾಷಣ, ಮಾತಾಡಿದ ನಾಲ್ಕು ಜನದಲ್ಲಿ ಒಬ್ರೂ ಗೋಡೆ ಮೇಲಿರೋ ಒಂದು ಚಿತ್ರದ ಬಗ್ಗೆ ಬಾಯಿ ಬಿಡ್ಲಿಲ್ಲ. ಹೆಂಗೆ ಬಿಡ್ತಾರೆ, ನೋಡಿದ್ರೆ ತಾನೆ? ಆಮೇಲೆ ಫೋಟೋ. ಹದಿನೈದಿಪ್ಪತ್ತು ಜನ ಚಿತ್ರಗಳಿಗೆ ಬೆನ್ನು ಹಾಕಿ ಸಾಲಾಗಿ ನಿಂತ್ರು, ಕ್ಯಾಮೆರಾದೋನು ಇನ್ನೊಂಚೂರು ಹಿಂದೆ ಅಂದ, ಅವ್ರು ಹಿಂದೆ ಸರಿದ್ರು. ಒಬ್ರ ಹೆಗಲ ಬ್ಯಾಗಿನ ಜಿಪ್ಪು ನನ್ನ ಕ್ಯಾನ್ವಾಸಿಗೆ ಗೀರ್ಕೊಂಡು ಹೋಯ್ತು.

ಅದು ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು, ಮೂರಡಿ ನಾಲ್ಕಡಿದು. ಮಲ್ಲಿಗೆ ರಾಶೀನ ನೈಫಲ್ಲಿ ದಪ್ಪಗೆ ಬಿಳಿ ಮೆತ್ತಿ ಮೆತ್ತಿ ಮಾಡಿದ್ದೆ. ಆಯಿಲ್ ಪೇಂಟು ನೀರಿನ ಬಣ್ಣದ ಥರ ಆರಲ್ಲ ಕಣ್ರೀ, ಅಗಸೆ ಎಣ್ಣೆ ಗಾಳೀಲಿರೋ ಆಕ್ಸಿಜನ್ ಹೀರ್ಕೊಂಡು ನಿಧಾನಕ್ಕೆ ಗಟ್ಟಿ ಆಗ್ಬೇಕು, ಮೇಲೆ ಕೆನೆ ಕಟ್ಟಿದ್ರೂ ದಪ್ಪ ಇರೋ ಕಡೆ ಒಳಗೆ ತಿಂಗಳಾನುಗಟ್ಲೆ ಮೆತ್ತಗೇ ಇರುತ್ತೆ. ಕೆನೆ ಕಿತ್ಕೊಂಡು ಬಂತು. ನಾಲ್ಕು ಬೆರಳುದ್ದ ಗೀರು, ಕೆಳಗಿನ ಕೆಂಗಂದು ಬಣ್ಣ ಗಾಯದ ಥರ ಕಾಣ್ತಿದೆ. ಆ ಮನುಷ್ಯ ಒಂದ್ಸಲ ತಿರುಗಿ ನೋಡ್ದ, ಚಿತ್ರ ಅಲ್ಲ, ಬ್ಯಾಗು. ಕರ್ಚೀಫಲ್ಲಿ ಒರೆಸ್ಕೊಂಡು, ‘ಒಣಗದೇ ಇರೋದನ್ನ ಯಾಕ್ರೀ ತಂದು ನೇತಾಕ್ತೀರಾ’ ಅಂತ ನಂಗೇ ಗದರಿದ. ನಂಗೆ ಮಾತೇ ಹೊರಡ್ಲಿಲ್ಲ, ಕೈಕಾಲು ನಡುಗ್ತಿತ್ತು.

ಎರಡು ಗಂಟೆ ಹೊತ್ತಿಗೆ ಅಷ್ಟೂ ಜನ ಊಟಕ್ಕೆ ಅಂತ ಕಾರು ಹತ್ತಿ ಹೋದ್ರು. ಪಕ್ಕದ ಕೋಣೇಲಿ ಮೇಷ್ಟ್ರ ಹನ್ನೊಂದು ವಾಟರ್‌ಕಲರ್ ಇತ್ತು, ಅಲ್ಲಿಗೆ ಒಬ್ರೂ ಕಾಲಿಡ್ಲಿಲ್ಲ. ಅವ್ರು ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಬಾಗಿಲ ಹತ್ರಾನೇ ನಿಂತಿದ್ರು, ಯಾರಾದ್ರೂ ಕೇಳಿದ್ರೆ ಹೇಳೋಣ ಅಂತ.

ಇದೇ ಊರಲ್ಲಿ ಜಗನ್ಮೋಹನ ಅರಮನೇಲಿ ಹಲ್ದಣಕರ್ ಅವ್ರ ದೀಪ ಹಿಡಿದ ಹುಡುಗಿ ಚಿತ್ರ ಇದೆಯಲ್ಲ, ಅದೂ ವಾಟರ್‌ಕಲರ್ರೇ. ಚಿಕ್ಕೋನಿದ್ದಾಗ ನಮ್ಮಪ್ಪ ಕರ್ಕೊಂಡು ಹೋಗಿದ್ರು, ಕತ್ತಲೆ ಮಾಡಿದ ಜಾಗದಲ್ಲಿ ಜನ ಪಿಸುಪಿಸು ಅಂತ ಮಾತಾಡ್ತಾ ಬೆರಳ ಸಂದಿಂದ ಬರೋ ಬೆಳಕು ನೋಡ್ತಿದ್ರು. ಅಂದ್ರೆ ಈ ಊರಿನೋರಿಗೆ ನೋಡೋಕೆ ಬರಲ್ಲ ಅಂತಲ್ಲ. ಬದುಕಿರೋ ಲೋಕಲ್ ಕಲಾವಿದ ಅಂದ್ರೆ ಮಾತ್ರ ಯಾಕಿಷ್ಟು ತಾತ್ಸಾರ? ನಮ್ಮ ಹಾಲಲ್ಲಿ ಐದು ಸ್ಪಾಟ್‌ಲೈಟಲ್ಲಿ ಮೂರು ಉರಿಯಲ್ಲ, ಬಾಡಿಗೆ ಮಾತ್ರ ಪೂರ್ತಿ ತಗೊಂಡ್ರು. ಕೇಳಿದ್ರೆ ‘ಟ್ಯೂಬ್‌ಲೈಟ್ ಇದೆಯಲ್ಲ ಸಾರ್’ ಅಂತಾರೆ. ಗಾಜು ಹಾಕಿರೋ ಚಿತ್ರದ ಮುಂದೆ ನಿಂತ್ರೆ ಆ ಟ್ಯೂಬ್‌ಲೈಟೇ ಕಾಣುತ್ತೆ, ಚಿತ್ರ ಕಾಣಲ್ಲ.

ಮುಂದಿನ ಸಲ ಟೇಪೂ ಬೇಡ, ಅತಿಥೀನೂ ಬೇಡ ಅಂತ ಆರೂ ಜನ ಮಾತಾಡ್ಕೊಂಡಿದ್ದೀವಿ, ಬೆಳಿಗ್ಗೆ ಬಾಗಿಲು ತೆಗೆಯೋದು, ಮೊದಲು ಬಂದೋರು ಒಳಗೆ ಬರೋದು, ಅಷ್ಟೇ. ಈ ಶೋ ಭಾನುವಾರದ ತನಕ ಇದೆ. ಗೀರು ಬಿದ್ದಿರೋ ಆ ಕ್ಯಾನ್ವಾಸನ್ನ ನಾನು ಇಳಿಸಿಲ್ಲ, ರಿಪೇರಿನೂ ಮಾಡಿಲ್ಲ. ಚೆನ್ನಾಗಿಲ್ಲ ಅಂತ ಬಯ್ಯೋದಿದ್ರೂ ಬೈರಿ, ಚಿತ್ರದ ಕಡೆ ಮುಖ ಮಾಡಿ ನಿಂತು, ನೋಡಿ ಬೈರಿ.