ಕಡ್ಡಿ ತಿರುಗಿತು, ಕಾಲುವೆಗೆ ಯಾರೂ ಇಳಿಯಲಿಲ್ಲ

ನಿನ್ನೆ ಅಕ್ಕನ ಮನೆಯ ತೋಟದಲ್ಲಿ ಕಂಡದ್ದನ್ನು ಇಲ್ಲಿ ಬರೆಯದಿದ್ದರೆ ಉಂಡ ಅನ್ನ ಅರಗುವುದಿಲ್ಲ.

ತೋಟದ ತಗ್ಗಿನ ಅಂಚಿನಲ್ಲಿ ಒಂದು ಸಾಲು ಅಡಿಕೆ ಮರಗಳು ಸೊರಗಿವೆ. ಸೋಗೆ ಗಿಡ್ಡವಾಗಿ, ಮುದುಡಿ, ಕಡು ಹಸಿರಾಗಿದೆ. ಗೊನೆ ಹೆಸರಿಗೆ ಮಾತ್ರ. ಮಲೆನಾಡಿನ ಯಾವ ಬೆಳೆಗಾರನಾದರೂ ನೋಡಿದ ಕೂಡಲೇ ಹಿಡಿಮುಂಡಿಗೆ ರೋಗ ಎನ್ನುತ್ತಾನೆ. ನಮ್ಮ ಭಾವ ಮಾತ್ರ ನೀರು ನೋಡುವವರನ್ನು ಕರೆಸಿದರು.

ಬಂದವರು ಎರಡು ತಾಮ್ರದ ಕಡ್ಡಿ ಹಿಡಿದು ಗಂಭೀರವಾಗಿ ನಡೆದರು. ಸೊರಗಿದ ಸಾಲಿನ ಬಳಿ ಕಡ್ಡಿಗಳು ಒಂದಕ್ಕೊಂದು ಅಡ್ಡ ಬಂದವು. "ಅಡಿಯಲ್ಲಿ ಎರಡು ಜಲನಾಡಿ ಕೂಡುತ್ತವೆ, ಭೂಮಿಯ ಶಕ್ತಿ ಕೆಟ್ಟಿದೆ, ಅದಕ್ಕೇ ಮರ ಏಳುತ್ತಿಲ್ಲ" ಎಂದರು. ಪರಿಹಾರವೆಂದರೆ ನಾಲ್ಕು ಮೂಲೆಗೆ ತಾಮ್ರದ ಕೊಳವೆ ಹೂಳುವುದು. ಕೊಳವೆಗಳು ಅವರ ಕಾರಿನಲ್ಲಿಯೇ ಸಿದ್ಧವಾಗಿದ್ದವು. ಎಂಥ ಮುಂದಾಲೋಚನೆ ನೋಡಿ!

ಆ ಸಾಲಿಗೆ ತಾಗಿಕೊಂಡೇ ಬಸಿಗಾಲುವೆ ಇದೆ. ಇದೆ ಎಂದರೆ, ಇತ್ತು. ಈಗ ಹೂಳು ತುಂಬಿ, ಮೇಲೆ ಕೆಸುವಿನ ಗಿಡ ಬೆಳೆದಿದೆ. ಹಿಡಿಮುಂಡಿಗೆಗೆ ಕಾರಣ ಯಾವುದೋ ರೋಗಾಣುವಲ್ಲ. ನೀರು ಬಸಿಯದ, ಬೇರು ಇಳಿಯದ ಗಟ್ಟಿ ಮಣ್ಣು ಎಂಬುದು ತೋಟಗಾರಿಕೆ ಇಲಾಖೆಯ ಕರಪತ್ರ ಓದಿದವರಿಗೂ ಗೊತ್ತು. ಭಾವನಿಗೂ ಗೊತ್ತು! ಆದರೂ ಅಲ್ಲಿ ನೆರೆದ ಒಬ್ಬರೂ ಬಗ್ಗಿ ಕಾಲುವೆ ನೋಡಲಿಲ್ಲ. ಎಲ್ಲರ ಕಣ್ಣೂ ಕಡ್ಡಿಯ ತುದಿಯ ಮೇಲೆ.

ಆಮೇಲೆ ಕಡ್ಡಿಯವರು ವಾಲಿದ ಮರ, ಗಂಟು ಬಿದ್ದ ಮಾವು, ಕವಲೊಡೆದ ಹಲಸು ಎಲ್ಲಕ್ಕೂ ಭೂರೇಖೆಯನ್ನು, ಅಂದರೆ ನೆಲದಲ್ಲಿ ಕಣ್ಣಿಗೆ ಕಾಣದೆ ಹಾಯುವ ಶಕ್ತಿಯ ಗೆರೆಯನ್ನು, ಅಂಟಿಸಿದರು. ಜರ್ಮನಿಯ ವೈದ್ಯ ಅರ್ನ್ಸ್ಟ್ ಹಾರ್ಟ್‌ಮನ್ ಹೇಳಿದ ಇಂಥ ಗೆರೆಗಳ ಜಾಲವಂತೆ. ಆ ರೇಖೆಯನ್ನು ತೋರಿಸುವ ಉಪಕರಣ ಯಾವುದು ಎಂದು ಕೇಳಿದೆ. ಇದೇ ಕಡ್ಡಿ ಎಂದರು. ಅಂದರೆ ಕಳ್ಳನಿಗೆ ಕಳ್ಳನೇ ಸಾಕ್ಷಿ. ಅಡಿಕೆ ಮರ ಬೆಳಕಿದ್ದ ಕಡೆಗೆ ವಾಲುತ್ತದೆ, ನೈಋತ್ಯದ ಬಿಸಿಲಿಗೆ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕಾಗಿಯೇ ಉತ್ತರ-ದಕ್ಷಿಣ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ ನೆಡಲು ಹೇಳುತ್ತಾರೆ. ಇದನ್ನು ಹೇಳಿದ್ದಕ್ಕೆ ಭಾವ, "ನೀನು ಓದಿದವನು, ನಿನಗೆ ಎಲ್ಲವೂ ತಮಾಷೆ" ಎಂದರು. ಅಕ್ಕ ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು.

ಈಗ ಕೆಲವರು ವರಾಹಮಿಹಿರನನ್ನು ಕರೆತರುತ್ತಾರೆ, ಗೊತ್ತಿದೆ. ಆರನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಅಧ್ಯಾಯವೇ ಇದೆ, ನಿಜ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲಿ ಹುತ್ತವಿದ್ದರೆ ಅದರ ದಕ್ಷಿಣಕ್ಕೆ ಎರಡು ಪುರುಷ ಪ್ರಮಾಣದ ಆಳದಲ್ಲಿ ಸಿಹಿ ನೀರು ಎನ್ನುತ್ತಾನೆ. ಅವನ ಲೆಕ್ಕವೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. ಆದರೆ ಆ ಪುಣ್ಯಾತ್ಮ ಮರ ನೋಡಿದ, ಹುತ್ತ ನೋಡಿದ, ಮಣ್ಣಿನ ಬಣ್ಣ ನೋಡಿದ. ನಮ್ಮವರು ನೋಡುತ್ತಿರುವುದು ಏನನ್ನು?

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕಡ್ಡಿಯನ್ನು ನನ್ನ ಕೈಗೆ ಕೊಟ್ಟಾಗ ನನಗೂ ಅದು ತಿರುಗಿತು. ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ನಮಗೆ ಅರಿವಿಲ್ಲದೆಯೇ ಸ್ನಾಯುಗಳು ಮಿಡಿಯುವುದನ್ನು ಕಾರ್ಪೆಂಟರ್ ಎಂಬ ಬ್ರಿಟಿಷ್ ವಿಜ್ಞಾನಿ 1852ರಲ್ಲೇ ವಿವರಿಸಿದ್ದಾನೆ. ಆದ್ದರಿಂದ ಕಡ್ಡಿ ಹಿಡಿದವರೆಲ್ಲ ಮೋಸಗಾರರು ಎನ್ನುತ್ತಿಲ್ಲ. (ಕೊಳವೆ ಮಾರಿದವರ ವಿಷಯ ಬೇರೆ.) 1980ರ ದಶಕದ ಕೊನೆಯಲ್ಲಿ ಮ್ಯೂನಿಕ್ ಬಳಿಯ ಕೊಟ್ಟಿಗೆಯೊಂದರಲ್ಲಿ ಕೆಳಗೆ ನೀರಿನ ಪೈಪು ಸರಿಸುತ್ತ, ಮೇಲಂತಸ್ತಿನಲ್ಲಿ ಕಡ್ಡಿ ಹಿಡಿದು ನೀರು ನೋಡುವ, ಆಯ್ದ 43 ಮಂದಿಯನ್ನು ನಡೆಸಿ 843 ಬಾರಿ ಪರೀಕ್ಷಿಸಿದರು. ಪರೀಕ್ಷೆ ಮಾಡಿದವರು ಕೆಲವರಿಗೆ ಶಕ್ತಿಯಿದೆ ಎಂದರು. ಅದೇ ಅಂಕಿಗಳನ್ನು ಮತ್ತೆ ಜಾಲಾಡಿದ ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್‌ಗೆ ಕಂಡದ್ದು ಬರೀ ಕಾಕತಾಳೀಯ. ಒಮ್ಮೆ ಗುರಿ ಮುಟ್ಟಿದವರು ಮರುಬಾರಿ ಅದೇ ಚಳಕ ತೋರಲಿಲ್ಲ.

"ನಮ್ಮ ಬೋರ್‌ವೆಲ್‌ನ ಪಾಯಿಂಟ್ ಅವರೇ ಮಾಡಿದ್ದು, ನೀರು ಬಂತಲ್ಲ" ಎಂದರು ಪಕ್ಕದ ತೋಟದವರು. ಶಿಥಿಲ ಬಂಡೆಯ ಪದರದಲ್ಲಿ ನೀರು ಬಹಳ ಕಡೆ ಇರುತ್ತದೆ ಸ್ವಾಮಿ. ಕಣ್ಣು ಮುಚ್ಚಿ ಕೊರೆದರೂ ಕೆಲವು ಸಲ ಸಿಗುತ್ತದೆ. ಸಿಗದಿದ್ದರೆ ಅದು ರೈತನ ಹಣೆಬರಹ, ಸಿಕ್ಕರೆ ಅವರ ವಿದ್ಯೆ!

ತಾಮ್ರದ ಕೊಳವೆಗೆ ಕೊಟ್ಟ ಹಣದಲ್ಲಿ ಇಬ್ಬರು ಆಳುಗಳನ್ನಿಟ್ಟು ಇಡೀ ಬಸಿಗಾಲುವೆಯ ಹೂಳು ತೆಗೆಸಬಹುದಿತ್ತು. ಭಾವ ಈ ಬರಹ ಓದುತ್ತಾರೆ, ಓದಲಿ. ಭಾನುವಾರ ಗುದ್ದಲಿ ಹಿಡಿದು ನಾನೇ ಬರುತ್ತೇನೆ. ಇನ್ನು, "ನಮ್ಮೂರಿನಲ್ಲಿ ಒಬ್ಬರಿದ್ದಾರೆ, ಅವರದು ನೂರಕ್ಕೆ ನೂರು" ಎಂದು ಕಮೆಂಟ್ ಹಾಕಲು ಹೊರಟವರು, ಅವರು ತೋರಿಸಿದ ಒಣ ಬೋರ್‌ವೆಲ್‌ಗಳ ಪಟ್ಟಿಯನ್ನೂ ಜೊತೆಗೆ ಹಾಕಿ.