ಕಚ್ಚಿಟ್ಟ ಕೋಡುಬಳೆ

ಕಳೆದ ಗುರುವಾರ ಸಂಜೆ ಕಾಫಿಯ ಜೊತೆಗೆ ಏನಾದರೂ ಇರಲಿ ಎಂದು ಕೋಡುಬಳೆಯ ಡಬ್ಬ ತೆಗೆದರೆ ಅದರಲ್ಲಿ ಉಳಿದಿದ್ದದ್ದು ಒಂದೇ ಒಂದು ಕೋಡುಬಳೆ, ಅದೂ ಮುಕ್ಕಾಲು. ಕಾಲು ಭಾಗವನ್ನು ಯಾರೋ ಕಚ್ಚಿ ತಿಂದು, ಮಿಕ್ಕದ್ದನ್ನು ಮರಳಿ ಡಬ್ಬದಲ್ಲಿಟ್ಟು, ಮುಚ್ಚಳದ ನಾಲ್ಕೂ ಕ್ಲಿಪ್ಪುಗಳನ್ನು ಅಚ್ಚುಕಟ್ಟಾಗಿ ಒತ್ತಿ ಹೋಗಿದ್ದರು. ಡಬ್ಬ ಪೂರ್ತಿ ಖಾಲಿಯಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ವಿಚಾರಣೆ ನಡೆಸಿದೆ. ಆರು ವರ್ಷದ ಮಗಳು ತುಟಿ ಎತ್ತಿ, ಮುಂದಿನ ಎರಡು ಹಲ್ಲುಗಳು ಬಿದ್ದು ಖಾಲಿಯಾಗಿರುವ ಜಾಗವನ್ನು ತೋರಿಸಿ, "ಕಚ್ಚೋದಕ್ಕೆ ನನಗೆ ಹಲ್ಲೆಲ್ಲಿದೆ ಅಪ್ಪ?" ಎಂದು ವಕೀಲರಂತೆ ಪ್ರಶ್ನಿಸಿದಳು. ಮೂರು ವರ್ಷದ ಮಗನನ್ನು "ನೀನಾ ಪುಟ್ಟ?" ಎಂದರೆ "ಹೂಂ" ಎಂದ. "ಅಕ್ಕನಾ?" ಎಂದರೆ ಅದಕ್ಕೂ "ಹೂಂ". "ಹಾಗಾದರೆ ಅಪ್ಪನಾ?" ಎಂದರೆ ಇನ್ನೂ ಉತ್ಸಾಹದಿಂದ "ಹೂಂ". ಇಂತಹ ಸಾಕ್ಷಿಯನ್ನು ಇಟ್ಟುಕೊಂಡು ಯಾವ ಮೊಕದ್ದಮೆಯನ್ನು ನಡೆಸುವುದು?

ನನ್ನ ಸಿಟ್ಟಿಗೆ ಕಾರಣವಿತ್ತು. ಮೂರು ವಾರಗಳ ಹಿಂದಷ್ಟೇ, ಒಂದು ಇಡೀ ಭಾನುವಾರವನ್ನು ವ್ಯಯಿಸಿ, ನಮ್ಮ ಅಡುಗೆಮನೆಯ ತಿಂಡಿಯ ಕಪಾಟನ್ನು ನಾನೇ ವ್ಯವಸ್ಥೆಗೆ ತಂದಿದ್ದೆ. ಹನ್ನೊಂದು ಪಾರದರ್ಶಕ ಡಬ್ಬಗಳನ್ನು ಕೊಂಡು ತಂದು, ಪ್ರತಿಯೊಂದಕ್ಕೂ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದ್ದೆ. ಮಂಡಕ್ಕಿ, ಅರಳು, ಬೀಜ ತೆಗೆದ ಖರ್ಜೂರ ಇವೆಲ್ಲ ಕೆಳಗಿನ ಅಂಕಣದಲ್ಲಿ, ಮಕ್ಕಳು ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ನಡುವಿನಲ್ಲಿ; ಅವನ್ನು ಕೇಳಿ ತೆಗೆದುಕೊಳ್ಳಬೇಕು. ಬಿಸ್ಕತ್ತು ಮತ್ತು ಚಾಕೊಲೇಟು ಎಲ್ಲಕ್ಕಿಂತ ಮೇಲೆ. ಅವುಗಳ ಪಕ್ಕದಲ್ಲೇ ಚಿಕ್ಕವನ ಗಂಟಲಿಗೆ ಸಿಕ್ಕಿಕೊಂಡೀತೆಂಬ ಭಯದಿಂದ ಇಡಿಯ ಕಡಲೆಬೀಜ. ಎಲ್ಲವನ್ನೂ ಜೋಡಿಸಿ, ದೂರ ನಿಂತು ನೋಡಿ, ಹೆಂಡತಿಯನ್ನು ಕರೆದು ತೋರಿಸಿದಾಗ ಅವಳು ಒಂದು ನಿಮಿಷ ಸುಮ್ಮನಿದ್ದು, "ಚೆನ್ನಾಗಿದೆ ರೀ. ಆದರೆ ಹೆಸರು ಬರೆದ ಮಾತ್ರಕ್ಕೆ ತಿಂಡಿ ಉಳಿಯುತ್ತದೆಯೇ?" ಎಂದಳು.

ಉಳಿಯಲಿಲ್ಲ. ಕೇಳದೆ ತೆಗೆದುಕೊಳ್ಳಬಹುದಾದ ಅಂಕಣವನ್ನು ಮಕ್ಕಳು ಕಣ್ಣೆತ್ತಿಯೂ ನೋಡಲಿಲ್ಲ. ಅಲ್ಲಿನ ಮಂಡಕ್ಕಿ ಹತ್ತಿಯಂತೆ ಮೆತ್ತಗಾಯಿತು. ಕೇಳಬೇಕಾದ ಅಂಕಣ ಮಾತ್ರ ಕೇಳದೆಯೇ ಖಾಲಿಯಾಯಿತು. ಮೊಬೈಲಿನಲ್ಲಿ ದಿನಬೆಳಗಾದರೆ ಕಾಣಿಸುವ ಆ ಅಂದದ ಕಪಾಟುಗಳ ಚಿತ್ರಗಳನ್ನು ತೆಗೆಯುವವರ ಮೇಲೆ ನನಗೀಗ ನಿಜವಾಗಿಯೂ ಕೋಪವಿದೆ. ಆ ಚಿತ್ರಗಳಲ್ಲಿ ಒಂದು ಇರುವೆಯಿರುವುದಿಲ್ಲ, ರಬ್ಬರ್ ಬ್ಯಾಂಡ್ ಸುತ್ತಿದ ಅರ್ಧ ಪೊಟ್ಟಣವಿರುವುದಿಲ್ಲ, ಮುಖ್ಯವಾಗಿ ಒಂದು ಮಗುವೂ ಇರುವುದಿಲ್ಲ. ಇನ್ನು ಎತ್ತರದಲ್ಲಿಡುವ ಉಪಾಯವಂತೂ ಗೋಕುಲದವರು ನೆಲವು ಕಟ್ಟಿ ಬೆಣ್ಣೆಯ ಗಡಿಗೆ ತೂಗುಹಾಕಿದಾಗಲೇ ಸೋತದ್ದು. ಹಾಗಿದ್ದೂ ನಾವು ವರ್ಷವರ್ಷವೂ ಗೋಕುಲಾಷ್ಟಮಿಯಂದು ಬಗೆಬಗೆಯ ಕರಿದ ತಿಂಡಿ ಮಾಡಿ ಆ ಕಳ್ಳನಿಗೆ ಭಕ್ತಿಯಿಂದ ನೈವೇದ್ಯವಿಟ್ಟು, ಮರುದಿನ ಉಳಿದದ್ದನ್ನು ಸ್ವಂತ ಮಕ್ಕಳಿಗೆ ಎಟುಕದಂತೆ ಎತ್ತಿಡುತ್ತೇವೆ.

ಆ ಮುಕ್ಕಾಲು ಕೋಡುಬಳೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ, ತಿಂಡಿಯನ್ನು ಕಾಯುವ ವಿಚಾರದಲ್ಲಿ ನನಗೊಂದು ಮುಖ್ಯವಾದ ಸಂಗತಿ ಹೊಳೆಯಿತು. ಅದು ಅರ್ಥವಾಗಬೇಕಾದರೆ ಮೊದಲು ನಮ್ಮ ಅಜ್ಜಿಯ ಎಣ್ಣೆಡಬ್ಬದ ವಿಷಯ ತಿಳಿದಿರಬೇಕು.

ತೀರ್ಥಹಳ್ಳಿಯ ಕಡೆಯ ಆ ಮನೆಯಲ್ಲಿ ಚಕ್ಕುಲಿ ಇರುತ್ತಿದ್ದದ್ದು 15 ಕಿಲೋ ಎಣ್ಣೆ ಹಿಡಿಯುವ ಚೌಕಾಕಾರದ ತಗಡಿನ ಡಬ್ಬದಲ್ಲಿ. ಎಣ್ಣೆ ಮುಗಿದ ಮೇಲೆ ಅದರ ತಲೆಯನ್ನು ಕತ್ತರಿಸಿ, ಬೆಸುಗೆ ಹಾಕಿಸಿ, ಕೀಲಿರುವ ಮುಚ್ಚಳವನ್ನೂ ಬೀಗದ ಕೊಂಡಿಯನ್ನೂ ಕೂರಿಸಲಾಗಿತ್ತು. ನಾಲ್ಕು ಸೇರು ಅಕ್ಕಿಗೆ ಒಂದು ಸೇರು ಹುರಿದ ಉದ್ದಿನಬೇಳೆಯ ಲೆಕ್ಕದಲ್ಲಿ ಹಿಟ್ಟು ಮಾಡಿ, ಕರಿದ ಚಕ್ಕುಲಿಯನ್ನು ಅಜ್ಜಿ ಪೂರ್ತಿ ಆರುವವರೆಗೆ ಮುಚ್ಚಿಡುತ್ತಿರಲಿಲ್ಲ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೇ ಬೆವೆತು ಮೆತ್ತಗಾಗುತ್ತದೆ. ಆ ಡಬ್ಬ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯ ಕಾವಿನಲ್ಲಿ ಕುಳಿತಿರುತ್ತಿತ್ತು. ಬೆಂಕಿಪೊಟ್ಟಣದ ಕಡ್ಡಿಯೂ ಹಸಿಯಾಗುವ ಆಷಾಢದ ಮಳೆಯಲ್ಲಿಯೂ ಅಜ್ಜಿಯ ಚಕ್ಕುಲಿ ಮುರಿದರೆ ಪಡಸಾಲೆಯವರೆಗೆ ಕೇಳಿಸುತ್ತಿತ್ತು.

ಬೀಗದ ಕೊಂಡಿ ಇದ್ದರೂ ಅಜ್ಜಿ ಒಮ್ಮೆಯೂ ಬೀಗ ಹಾಕಿದವರಲ್ಲ. ಡಬ್ಬಕ್ಕೆ ಡಬ್ಬವೇ ಕಾವಲಾಗಿತ್ತು. ಎಲ್ಲಿ ಕೈಯಿಟ್ಟರೂ ತಗಡು ಒಳಕ್ಕೆ ತಗ್ಗಿ, ಕೈ ತೆಗೆದೊಡನೆ 'ಡುಬುಕ್' ಎಂದು ಹೊರಕ್ಕೆ ಉಬ್ಬುತ್ತಿತ್ತು. ಅದರಲ್ಲೂ ಒಂದು ಕ್ರೂರವಾದ ನ್ಯಾಯವಿತ್ತು: ತುಂಬಿದ ಡಬ್ಬ ಅಷ್ಟಾಗಿ ಸದ್ದು ಮಾಡುವುದಿಲ್ಲ, ಖಾಲಿಯಾಗುತ್ತಾ ಹೋದಂತೆ ಸದ್ದು ಜೋರಾಗುತ್ತದೆ. ಮೊದಲ ವಾರ ಕದ್ದದ್ದು ಯಾರಿಗೂ ತಿಳಿಯದು. ಮೂರನೆಯ ವಾರಕ್ಕೆ ಅದೇ ಕಳ್ಳತನ ಚಂಡೆಯ ಹಾಗೆ ಕೇಳುತ್ತದೆ. ಇದಕ್ಕೆ ಪರಿಹಾರವನ್ನು ಕಂಡುಹಿಡಿದವನು ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅತ್ತೆಯ ಮಗ. ಒಬ್ಬ ಒರಳುಕಲ್ಲಿನ ಮೇಲೆ ನಿಂತು ಡಬ್ಬವನ್ನು ಹೊಟ್ಟೆಗೆ ಒತ್ತಿ ತಬ್ಬಿಕೊಳ್ಳಬೇಕು, ಇನ್ನೊಬ್ಬ ಮುಚ್ಚಳ ಎತ್ತಬೇಕು; ಅದೂ ಮಧ್ಯಾಹ್ನ ಎರಡೂವರೆಯ ಬಸ್ಸು ಮನೆಯ ಮುಂದಿನ ಏರನ್ನು ನರಳುತ್ತಾ ಹತ್ತುವ ಆ ಅರ್ಧ ನಿಮಿಷದಲ್ಲಿ.

ಒಂದು ಮಧ್ಯಾಹ್ನ ನಾನು ಡಬ್ಬವನ್ನು ತಬ್ಬಿಕೊಂಡು ನಿಂತೆ. ಎರಡೂವರೆಯಾಯಿತು, ಎರಡೂ ಮುಕ್ಕಾಲಾಯಿತು. ಬಸ್ಸಿನ ಸುಳಿವಿಲ್ಲ. ತಬ್ಬಿದ್ದನ್ನು ಬಿಟ್ಟರೆ ಡುಬುಕ್ ಎನ್ನುತ್ತದೆ. ಬಿಡದಿದ್ದರೆ ಕಾಲಿಗೆ ಜೋಮು ಹಿಡಿಯುತ್ತದೆ. ಹೊಗೆಯ ಮಸಿಯೆಲ್ಲ ಅಂಗಿಗೆ ಮೆತ್ತಿಕೊಂಡಿತ್ತು. ಅತ್ತೆಯ ಮಗ ಉಸಿರು ಬಿಗಿಹಿಡಿದು ರಸ್ತೆಯ ಕಡೆಗೆ ಕಿವಿಗೊಟ್ಟಿದ್ದ. ಆಗ ನಡುಮನೆಯಿಂದ, ಮಗ್ಗುಲು ಕೂಡ ಬದಲಿಸದೆ, ಅಜ್ಜಿಯ ದನಿ ಬಂದಿತು: "ಇವತ್ತು ಬಸ್ಸು ಬರೋದಿಲ್ಲ ಕಣ್ರೋ, ದಾರಿಗೆ ಮರ ಬಿದ್ದಿದೆಯಂತೆ. ತಗೊಂಡು ಸರಿಯಾಗಿ ಮುಚ್ಚಿಡಿ, ಗಾಳಿ ಹೋಗುತ್ತೆ."

ನಾವು ಒಂದೊಂದೇ ತೆಗೆದುಕೊಂಡೆವು. ಬಸ್ಸಿನ ಸದ್ದಿನಲ್ಲಿ ಕದ್ದ ದಿನಗಳಲ್ಲಿ ನಾಲ್ಕಕ್ಕೆ ಕಡಿಮೆಯಿಲ್ಲದಂತೆ ಎತ್ತಿದವರು ನಾವು.

ಈಗ ಆ ಡಬ್ಬ ದೊಡ್ಡಪ್ಪನ ಮನೆಯ ಕೊಟ್ಟಿಗೆಯಲ್ಲಿ ಹಸುವಿನ ಹಿಂಡಿ ತುಂಬಿಕೊಂಡು ಕುಳಿತಿದೆ. ಕೇಳಿದರೆ ಕೊಟ್ಟಾರು, ಆದರೆ ಮೈಸೂರಿನ ಮೂರನೆಯ ಮಹಡಿಯ ಮನೆಯಲ್ಲಿ ಒಲೆಯೆಲ್ಲಿ, ಹೊಗೆಯೆಲ್ಲಿ, ಏರು ಹತ್ತುವ ಬಸ್ಸಾದರೂ ಎಲ್ಲಿ? ನನ್ನ ಹನ್ನೊಂದು ಡಬ್ಬಗಳಿಗೆ ಗಾಳಿಯಾಡದ ರಬ್ಬರಿನ ಅಂಚಿದೆ. ತೆಗೆದದ್ದೂ ಕೇಳುವುದಿಲ್ಲ, ಹಾಕಿದ್ದೂ ಕೇಳುವುದಿಲ್ಲ. ಅಂಗಡಿಯವನು ಅದನ್ನೇ ದೊಡ್ಡ ಗುಣವೆಂದು ವರ್ಣಿಸಿ ನನ್ನಿಂದ ಹೆಚ್ಚು ಹಣ ತೆಗೆದುಕೊಂಡಿದ್ದ. ಇಷ್ಟರ ನಡುವೆ ಮಗಳ ಶಾಲೆಯಿಂದ ಚೀಟಿಯೊಂದು ಬಂದಿದೆ. ಸೋಮವಾರ ಒಣ ತಿಂಡಿ, ಮಂಗಳವಾರ ಹಣ್ಣು, ಬುಧವಾರ ಮೊಳಕೆಕಾಳು, ಕರಿದದ್ದು ಯಾವ ದಿನವೂ ಬೇಡ, ಮತ್ತು ಪೋಷಕರು ಸಹಕರಿಸಬೇಕು. ಇದನ್ನು ಬರೆದವರ ಮನೆಯ ಮಕ್ಕಳು ಬುಧವಾರಗಳಲ್ಲಿ ಏನು ತಿನ್ನುತ್ತಾರೆಂಬುದನ್ನು ತಿಳಿಯುವ ಕುತೂಹಲ ನನಗಿದೆ. ನಮ್ಮವಳು ಮೊಳಕೆಕಾಳನ್ನು ಯಾರಿಗೋ ಕೊಟ್ಟು ಅವರ ನಿಪ್ಪಟ್ಟು ತಿಂದು ಬರುತ್ತಾಳೆ, ಡಬ್ಬಿಯ ತುಂಬ ನಿಪ್ಪಟ್ಟಿನ ಪುಡಿ.

ಹೊಳೆದ ಆ ಮುಖ್ಯ ಸಂಗತಿಯನ್ನು ಹೇಳುವೆನೆಂದಿದ್ದೆ. ಬರೆದುಕೊಳ್ಳಲು ಕುಳಿತಾಗ ಅತ್ತೆಯವರು ಊರಿನಿಂದ ಕಳುಹಿಸಿದ ಹೊಸ ಕೋಡುಬಳೆಯ ಗಂಟು ಬಂದಿತು. ಡಬ್ಬ ಖಾಲಿ ಮಾಡಿಕೊಡಿ ಎಂದು ಹೆಂಡತಿ ಕೂಗಿದಳು. ಸಾಕ್ಷ್ಯವೆಂದು ನಾನು ಹಾಗೆಯೇ ಬಿಟ್ಟಿದ್ದ ಮುಕ್ಕಾಲು ಕೋಡುಬಳೆಯನ್ನು ತೆಗೆಯಲು ಹೋದರೆ ಅದು ಅರ್ಧವಾಗಿತ್ತು. ಕ್ಲಿಪ್ಪುಗಳು ನಾಲ್ಕೂ ಭದ್ರವಾಗಿದ್ದವು. ಮಗನನ್ನು ಕರೆದು ಕೇಳಿದೆ.

"ಹೂಂ" ಎಂದ.