ಎಲ್ಲಿಗೆ ಬಂದಿತ್ತು ಕಥೆ?

ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ನಲ್ಲಿ ಕೂಡ ತೊಟ್ಟಿಕ್ಕುತ್ತಿಲ್ಲ. ಕಾದಂಬರಿಯ ಪಾದ್ರಿ ಚರ್ಚಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗಿದೆ, ಮುಂದಿನ ಬೆಂಚಿನಲ್ಲಿ ಯಾರೋ ತಲೆ ತಗ್ಗಿಸಿ ಕೂತಿದ್ದಾರೆ. ಅಷ್ಟರಲ್ಲಿ ಪುಸ್ತಕ ಕೈಜಾರಿ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಗುರುತಿಗೆಂದು ಇಟ್ಟಿದ್ದ ನುಣುಪು ರಟ್ಟಿನ ಪಟ್ಟಿ ಮಂಚದ ಕೆಳಗೆ. ಇನ್ನು ಆ ಪಾದ್ರಿಯನ್ನು ಹುಡುಕಲು ಹತ್ತು ನಿಮಿಷ. ಹುಡುಕುವಾಗ ಕಣ್ಣು ಹೋಗಿ ಕೊನೆಯ ಪುಟದ ಮೇಲೇ ಬೀಳಬೇಕೆ? ಬೆಂಚಿನಲ್ಲಿದ್ದವನು ಮನೆಬಿಟ್ಟು ಹೋಗಿದ್ದ ತಮ್ಮನೇ ಎಂದು ಗೊತ್ತಾಗಿಬಿಡುತ್ತದೆ. ಈ ಬಗೆಯ ಕಾದಂಬರಿಗಳಲ್ಲಿ ಆ ಬೆಂಚಿನಲ್ಲಿ ಬೇರೆ ಯಾರೂ ಕೂರುವುದಿಲ್ಲ, ನಿಜ. ಆದರೂ ಸಿಟ್ಟು ಬರುತ್ತದೆ.

ಪುಟದ ಮೂಲೆ ಮಡಚಿಡುವವರ ಮಾತು ಇಲ್ಲಿ ಬೇಡ. ಕ್ಷಮೆಯ ಬಗ್ಗೆ ಮುನ್ನೂರು ಪುಟ ಓದಿದ ಮೇಲೂ ಅವರನ್ನು ಕ್ಷಮಿಸಲು ಆಗುವುದಿಲ್ಲ.

ಹಾಗಾಗಿ ಟ್ಯಾಟಿಂಗ್, ಅಂದರೆ ಪುಟ್ಟ ಲಾಳಿಯಿಂದ ನೂಲಿಗೆ ಗಂಟು ಹಾಕುತ್ತ ಲೇಸು ಹೆಣೆಯುವ ಕೈಕೆಲಸ. ಶಿಲುಬೆಯಾಕಾರದ ಲೇಸಿನ ಬುಕ್‌ಮಾರ್ಕಿಗಿಂತ ಲೇಸು ಇನ್ನೊಂದಿಲ್ಲ: ಹಾಳೆಯನ್ನು ಕಚ್ಚಿಕೊಂಡು ಕೂರುತ್ತದೆ, ರಟ್ಟಿನ ಹಾಗೆ ಜಾರುವುದಿಲ್ಲ. ಹತ್ತಿಯ ನೂಲು 20ನೇ ನಂಬರಿನದು ಸಾಕು. ನಂಬರು ಏರಿದಷ್ಟೂ ನೂಲು ಸಣ್ಣ. 80 ಅಂದರೆ ಹೆಚ್ಚುಕಡಿಮೆ ಹೊಲಿಗೆ ದಾರ, 10 ಅಂದರೆ ಪುಸ್ತಕ ಬಾಯಿಬಿಟ್ಟುಕೊಂಡು ಕೂರುವಷ್ಟು ದಪ್ಪ. ಬಣ್ಣ ಬಿಳಿಯೇ ಇರಲಿ. ಗಾಢ ಕೆಂಪು ನೂಲು ಒಂದಿಷ್ಟು ತೇವ ಸಿಕ್ಕರೆ ಪುಟಕ್ಕೆ ಬಣ್ಣ ಬಿಡಬಹುದು. ಬೈಬಲ್ಲಿನೊಳಗೆ ಇಡುವುದಾದರೆ ಅಂಚಿನ ಪಿಕೋ ಕುಣಿಕೆಗಳು ಚಿಕ್ಕದಿರಬೇಕು. ಬೈಬಲ್ಲಿನ ಹಾಳೆ ಸಾಮಾನ್ಯವಾಗಿ ಚದರ ಮೀಟರಿಗೆ 25ರಿಂದ 40 ಗ್ರಾಂ ತೂಗುವ ತೆಳು ಕಾಗದ. ಉದ್ದ ಕುಣಿಕೆ ಸಿಕ್ಕಿಕೊಂಡರೆ ಪರ್ರನೆ ಹರಿಯುತ್ತದೆ.

ಲಾಳಿಗೆ ನೂಲು ಸುತ್ತುವಾಗ ದುರಾಸೆ ಬೇಡ. ಅಂಚು ಮೀರಿ ತುಂಬಿದರೆ ಲಾಳಿಯ ತುದಿಗಳು ತೆರೆದುಕೊಂಡು ನೂಲು ತಾನಾಗಿ ಬಿಚ್ಚಿ ಓಡುತ್ತದೆ. ತುದಿಗಳು ಒಂದಕ್ಕೊಂದು ತಾಗಿರಬೇಕು, ನೂಲು ದಾಟುವಾಗ ಟಿಕ್ ಅನ್ನಬೇಕು.

ಇಲ್ಲಿಯವರೆಗೆ ಎಲ್ಲ ಸುಲಭ. ಮುಂದೆ ಮಾದರಿಯಲ್ಲಿ ಬರೆದಿರುತ್ತದೆ: 5-5-5-5, ಉಂಗುರ ಮುಚ್ಚಿ. ಐದೈದು ಜೋಡಿಗಂಟುಗಳ ನಡುವೆ ಒಂದೊಂದು ಪಿಕೋ, ಒಟ್ಟು 20 ಜೋಡಿಗಂಟು, ಅಂದರೆ 40 ಅರ್ಧಗಂಟು. ಆಮೇಲೆ ಮುಚ್ಚಿ. ಏನು ಮುಚ್ಚುವುದು? ಲಾಳಿಯ ನೂಲು ಎಳೆದರೆ ಉಂಗುರ ಅರ್ಧಕ್ಕೆ ಬಂದು ನಿಲ್ಲುತ್ತದೆ. ಇನ್ನಷ್ಟು ಎಳೆದರೆ ನೂಲು ತುಂಡು. ಹೀಗೆ ಒಂದೇ ಪದದಲ್ಲಿ ಕೈತೊಳೆದುಕೊಂಡ ಮಹಾಶಯರನ್ನು ಕೂರಿಸಿ ಒಂದು ಉಂಗುರ ಬಿಚ್ಚಿಸಬೇಕು.

ಗುಟ್ಟಿರುವುದು ಹೊರಳಿನಲ್ಲಿ. ಲಾಳಿಯ ನೂಲು ಎಡಗೈ ಬೆರಳಿಗೆ ಸುತ್ತಿದ ನೂಲಿನ ಮೇಲೆ ಗಂಟು ಹಾಕಿದ ಹಾಗೆ ಕಾಣುತ್ತದೆ. ಅದು ಹಾಗೇ ಉಳಿದರೆ ಕೆಟ್ಟಿತು. ಆಗಲೇ ಎಡಗೈಯ ಬೆರಳುಗಳನ್ನು ಸಡಿಲಿಸಿ ಲಾಳಿಯ ನೂಲನ್ನು ಬಿಗಿಯಾಗಿ ಜಗ್ಗಬೇಕು. ಗಂಟು ಟಪಕ್ಕನೆ ಮಗ್ಗುಲು ಬದಲಿಸುತ್ತದೆ: ಸುತ್ತಿಕೊಂಡಿದ್ದ ನೂಲು ಕಡ್ಡಿಯಂತೆ ನೆಟ್ಟಗಾಗುತ್ತದೆ, ನೆಟ್ಟಗಿದ್ದದ್ದು ಅದಕ್ಕೆ ಸುತ್ತಿಕೊಳ್ಳುತ್ತದೆ. 40ರಲ್ಲಿ ಒಂದೇ ಒಂದು ಹೊರಳದಿದ್ದರೂ ಉಂಗುರ ಅಲ್ಲಿಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಪ್ರತಿ ಜೋಡಿಗಂಟನ್ನೂ ಹಾಕಿದ ಕೂಡಲೇ ಹಿಂದೆಮುಂದೆ ಸರಿಸಿ ನೋಡಬೇಕು. ಸರಿದರೆ ಸರಿ. ಇಲ್ಲವಾದರೆ ಆಗಿಂದಾಗಲೇ ಮೊಂಡು ಮೊನೆಯ ಸೂಜಿಯಿಂದ ಬಿಚ್ಚಿ. ಚೂಪು ಸೂಜಿ ನೂಲಿನ ಎಳೆಯನ್ನೇ ಸೀಳುತ್ತದೆ. ಪಿಕೋ ಲೆಕ್ಕವೂ ಮೋಸದ್ದು: ಎರಡು ಗಂಟುಗಳ ನಡುವೆ 6 ಮಿಲಿಮೀಟರ್ ಬಿಟ್ಟರೆ, ಒತ್ತಿ ಸರಿಸಿದಾಗ ಏಳುವ ಕುಣಿಕೆ 3 ಮಿಲಿಮೀಟರಿನದು.

ಗಂಟು ಹೊರಳುವುದು ತಪ್ಪುವುದು ಎಡಗೈ ಬಿಗಿದಾಗ, ಎಡಗೈ ಬಿಗಿಯುವುದು ಕಥೆ ಬಿಗಿದಾಗ. ಕಾದಂಬರಿಯನ್ನು ಆಡಿಯೊದಲ್ಲಿ ಕೇಳುತ್ತ ಹೆಣೆಯುವವರ ಉಂಗುರಗಳನ್ನು ನೋಡಿದರೆ, ನಾಯಕಿಗೆ ಪತ್ರ ಬಂದದ್ದು ಎಷ್ಟನೇ ಗಂಟಿನಲ್ಲಿ ಎಂದು ಹೇಳಿಬಿಡಬಹುದು. (ಆಡಿಯೊ ಕೇಳುವವರಿಗೆ ಬುಕ್‌ಮಾರ್ಕ್ ಯಾಕೆ ಎಂದು ಕೇಳಬಾರದು.) ಆ ನಾಯಕಿಯರಾದರೋ ಒಂದೇ ಅಧ್ಯಾಯದಲ್ಲಿ ಇಡೀ ಕೌದಿ ಹೊಲಿದು ಮುಗಿಸುತ್ತಾರೆ. ಅವರ ನೂಲು ಒಂದು ಸಲವೂ ಸಿಕ್ಕಾಗುವುದಿಲ್ಲ.

ಇಂಗ್ಲೆಂಡಿನ ಧರ್ಮಬೋಧಕ, ಲೇಖಕ ಜಾನ್ ಬನಿಯನ್ನನಿಗೆ ಮಾತ್ರ ಸಿಕ್ಕಿನ ಅರಿವಿದ್ದಿರಬೇಕು. ಅನುಮತಿಯಿಲ್ಲದೆ ಉಪದೇಶ ಮಾಡಿದ್ದಕ್ಕೆ 1660ರಿಂದ 1672ರವರೆಗೆ ಬೆಡ್‌ಫರ್ಡಿನ ಜೈಲಿನಲ್ಲಿದ್ದ ಆತ, ಹೆಂಡತಿ ಮಕ್ಕಳ ಹೊಟ್ಟೆಪಾಡಿಗೆ ಅಲ್ಲೇ ಕೂತು ಲೇಸು ಮಾಡಿ ಮಾರುತ್ತಿದ್ದ. ಈ ಲೇಸು ಹೆಣಿಗೆಯದಲ್ಲ, ತುದಿಗೆ ಲೋಹದ ಮೊನೆ ಕಚ್ಚಿಸಿದ ಉದ್ದ ಲಾಡಿ. ನೂರಾರು ಗ್ರೋಸ್ ಮಾಡಿದನಂತೆ, ಗ್ರೋಸಿಗೆ 144. ಇಷ್ಟು ಲಾಡಿ ಮಾಡಿದವನು 1678ರಲ್ಲಿ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಪ್ರಕಟಿಸಿದಾಗ ಅದರಲ್ಲಿ ಒಂದು ಅಧ್ಯಾಯವನ್ನೂ ವಿಂಗಡಿಸಲಿಲ್ಲ. ಇಡೀ ಕಥೆ ಒಂದು ಕನಸು, ಕನಸಿಗೆಲ್ಲಿಯ ಅಧ್ಯಾಯ? ಓದುವವರು ಎಲ್ಲಿ ನಿಲ್ಲಿಸಬೇಕು, ಗುರುತು ಎಲ್ಲಿಡಬೇಕು? ‘ಇನ್ ಹಿಸ್ ಸ್ಟೆಪ್ಸ್’ ಕಾದಂಬರಿ ಬರೆದ ಅಮೆರಿಕದ ಪಾದ್ರಿ ಚಾರ್ಲ್ಸ್ ಶೆಲ್ಡನ್ ವಾಸಿ. 1896ರಲ್ಲಿ ಟೊಪೀಕಾದ ತನ್ನ ಚರ್ಚಿನಲ್ಲಿ ಭಾನುವಾರ ಸಂಜೆ ಅದರ ಒಂದೊಂದೇ ಅಧ್ಯಾಯ ಓದಿ ಹೇಳುತ್ತಿದ್ದ. ಗುರುತಿಟ್ಟುಕೊಳ್ಳುವ ಕೆಲಸ ಪಾದ್ರಿಯದು, ಕೇಳುವವರ ಕೈ ಖಾಲಿ.

ಮೌನಕ್ಕೂ ಈ ಗಂಟು ಹೊರಳುವುದಕ್ಕೂ ಏನೋ ಸಂಬಂಧವಿದೆ. ಅದನ್ನು ಹೇಳಲೆಂದೇ ಶುರುಮಾಡಿದ್ದು. ಮೊದಲು ಗಂಜಿ ಹಾಕಿ ಮುಗಿಸೋಣ. ಕೊನೆಯ ನೂಲನ್ನು ಬರಿದೇ ಗಂಟಿಕ್ಕಿ ಕತ್ತರಿಸಬೇಡಿ, ಬಿಚ್ಚಿಕೊಳ್ಳುತ್ತದೆ. ಸೂಜಿಗೆ ಪೋಣಿಸಿ ಎರಡು ಸೆಂಟಿಮೀಟರಿನಷ್ಟು ಗಂಟುಗಳ ಒಳಗೇ ಹುದುಗಿಸಿ. ತೆಳು ಗಂಜಿಯಲ್ಲಿ ಅದ್ದಿ, ಹಿಂಡದೆ ಬಟ್ಟೆಯ ನಡುವೆ ಒತ್ತಿ, ಒಂದೊಂದು ಪಿಕೋಗೂ ಗುಂಡುಸೂಜಿ ಚುಚ್ಚಿ ಹರಡಬೇಕು. ಸೂಜಿ ತುಕ್ಕು ಹಿಡಿಯುವಂಥದ್ದಾದರೆ ಬೆಳಗ್ಗೆ ಪ್ರತಿ ಕುಣಿಕೆಯಲ್ಲೂ ಒಂದು ಕಂದು ಚುಕ್ಕೆ. ಪೂರ್ತಿ ಒಣಗುವ ಮೊದಲು ಪುಸ್ತಕಕ್ಕೆ ಸೇರಿಸಿದರೆ ಎರಡು ಪುಟ ಒಂದಾಗುತ್ತವೆ.

ಒಣಗಲು ಒಂದು ರಾತ್ರಿ ಬೇಕು. ಅಷ್ಟರವರೆಗೆ ನೂಲಿನುಂಡೆಗೆ ಸುತ್ತಿ ಬಂದ ಕಾಗದದ ಪಟ್ಟಿಯನ್ನೇ ಪಾದ್ರಿಯ ಪುಟದಲ್ಲಿ ಇಟ್ಟಿರಿ. ಒರಟು ಕಾಗದ, ಜಾರುವುದಿಲ್ಲ.